ಶೇ. 1, ಅದೂ ಅಡ್ಡಕ್ಕೆ: ಲಿಂಗತ್ವ ಅಲ್ಪಸಂಖ್ಯಾತರ ಮೀಸಲಾತಿಯನ್ನು ಓದಿಕೊಳ್ಳುವ ಬಗೆ

ಕೆಪಿಎಸ್‌ಸಿಯದೋ ಕೆಇಎಯದೋ ಸರ್ಕಾರಿ ಹುದ್ದೆಗಳ ನೇಮಕಾತಿ ಅಧಿಸೂಚನೆ ಹೊರಬಿದ್ದರೆ ಸಾಕು, ದಾವಣಗೆರೆಯ ಗ್ರಂಥಾಲಯಗಳಲ್ಲಿ, ಕೋಚಿಂಗ್ ಸೆಂಟರ್‌ಗಳಲ್ಲಿ, ನಾಲ್ಕು ಜನ ಸೇರಿ ಬಾಡಿಗೆ ಹಿಡಿದ ವಿದ್ಯಾನಗರದ ರೂಮುಗಳಲ್ಲಿ ಎಲ್ಲರೂ ಮೊದಲು ಹುಡುಕುವುದು ಹುದ್ದೆಗಳ ವರ್ಗೀಕರಣದ ಪುಟವನ್ನು. ಒಂದು ಕಡೆ ಸಾಮಾನ್ಯ ಅರ್ಹತೆ, ಹಿಂದುಳಿದ ವರ್ಗಗಳ ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ. ಇನ್ನೊಂದು ಕಡೆ ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಮಾಜಿ ಸೈನಿಕ, ಅಂಗವಿಕಲ, ಯೋಜನಾ ನಿರಾಶ್ರಿತ. 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದ ಹುದ್ದೆಗಳಲ್ಲಿ ಶೇ. 1 ಮೀಸಲಾತಿ ಬಂದ ನಂತರ ಇವುಗಳ ಪಕ್ಕ ಇನ್ನೊಂದು ಕಾಲಂ ಬಂದಿದೆ: ತೃತೀಯ ಲಿಂಗ. ಅದರ ಕೆಳಗೆ ಬಹಳ ಸಲ ಕಾಣುವುದು ಸೊನ್ನೆ, ಇಲ್ಲವೇ ಒಂದು ಸಣ್ಣ ಗೆರೆ.

ಈ ಕಾಲಂ ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. "ಇದು ನಮ್ಮ ಕೆಟಗರಿಯಿಂದ ಕಿತ್ತು ಕೊಟ್ಟಿದ್ದಾ?" "ಇವರಿಗೆ ಜಾತಿ ಲೆಕ್ಕಕ್ಕೆ ಬರಲ್ವಾ?" "ಶೇ. 1 ಅಂತಾರೆ, ಪಟ್ಟೀಲಿ ಯಾಕೆ ಸೊನ್ನೆ?" ಮೂರೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಬೇಕಾದರೆ ಈ ಮೀಸಲಾತಿಯ ಪ್ರಮಾಣಕ್ಕಿಂತ ಮೊದಲು ಅದರ ದಿಕ್ಕನ್ನು ಹಿಡಿಯಬೇಕು.

ಯಾರ ಕುರಿತ ಮಾತು ಇದು?

ಹುಟ್ಟಿದಾಗ ಆಸ್ಪತ್ರೆಯಲ್ಲಿ ಗಂಡು ಅಥವಾ ಹೆಣ್ಣು ಎಂದು ಬರೆಸಿರುತ್ತಾರೆ. ತಾನು ಯಾರೆಂದು ಆ ಮಗುವಿಗೆ ಬೆಳೆಯುತ್ತಾ ತನ್ನೊಳಗೇ ಗೊತ್ತಾಗುತ್ತದೆ. ಇವೆರಡೂ ಹೊಂದದೆ ಹೋದವರನ್ನು ಸರ್ಕಾರದ ಕನ್ನಡದಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತಾರೆ. ಅರ್ಜಿ ನಮೂನೆಗಳಲ್ಲಿ ತೃತೀಯ ಲಿಂಗ, ಪತ್ರಿಕೆಗಳಲ್ಲಿ ಮಂಗಳಮುಖಿ. ಮಧ್ಯ ಮತ್ತು ಉತ್ತರ ಕರ್ನಾಟಕಕ್ಕೆ ಇದಕ್ಕಿಂತ ಹಳೆಯ ಪರಿಚಯವೊಂದಿದೆ: ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು, ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆ ನುಡಿಸುತ್ತಾ ಬರುವ ಜೋಗಪ್ಪಂದಿರು, ಜೋಗತಿಯರು. ಆ ಪರಂಪರೆಯಿಂದಲೇ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಾಗಿದ್ದೂ ಜೋಗಪ್ಪ ಬಂದರೆ ಮೊರದಲ್ಲಿ ಅಕ್ಕಿ ಹಾಕಿ ಕೈಮುಗಿಯುವ ಮನೆಯವರೇ, ಅವರು ರೂಮು ಬಾಡಿಗೆಗೆ ಕೇಳಿದರೆ ಖಾಲಿ ಇಲ್ಲ ಎನ್ನುತ್ತಾರೆ. ಕೆಲಸದ ಮಾತಂತೂ ದೂರ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲವೆಂದು ಬರೆಸಿದವರು ದೇಶದಲ್ಲಿ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ 20,266. ಮನೆಯವರ ಎದುರು ಬಾಯಿ ಬಿಡಲಾಗದವರು ಈ ಲೆಕ್ಕಕ್ಕೆ ಸಿಕ್ಕಿಲ್ಲ. ಲೆಕ್ಕಕ್ಕೆ ಸಿಕ್ಕವರಲ್ಲಿ ಸಾಕ್ಷರರು ಶೇ. 56ರಷ್ಟು. ಮುಂದೆ ಬರುವ ಸೊನ್ನೆಗಳಿಗೂ ಈ ಅಂಕಿಗೂ ಸಂಬಂಧವಿದೆ.

2014ರ ತೀರ್ಪು, ಮತ್ತು ಅದು ಉಳಿಸಿದ ಗಂಟು

ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರ ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲೂ ಇರುತ್ತದೆ. ಇದರ ರಾಷ್ಟ್ರಮಟ್ಟದ ಸಂಸ್ಥೆ 2012ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ 2014ರ ಏಪ್ರಿಲ್ 15ರಂದು ತೀರ್ಪು ಕೊಟ್ಟಿತು. ಲಿಂಗತ್ವವನ್ನು ತಾನೇ ಹೇಳಿಕೊಳ್ಳುವುದು ಘನತೆಯಿಂದ ಬದುಕುವ ಹಕ್ಕಿನ ಭಾಗ, ಗಂಡು ಹೆಣ್ಣಿನ ಜೊತೆಗೆ ಮೂರನೆಯ ಗುರುತನ್ನೂ ಕಾನೂನು ಒಪ್ಪಬೇಕು ಎಂದಿತು.

ಅದೇ ತೀರ್ಪಿನಲ್ಲಿ ಇನ್ನೊಂದು ಆದೇಶವಿತ್ತು. ಇವರನ್ನು ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗವೆಂದು ಪರಿಗಣಿಸಿ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲಾತಿ ಕೊಡಿ ಎಂದು ಕೋರ್ಟ್ ಹೇಳಿತು. ಮೇಲ್ನೋಟಕ್ಕೆ ಒಳ್ಳೆಯ ಮಾತೇ. ಆದರೆ ನಮ್ಮ ವ್ಯವಸ್ಥೆಯಲ್ಲಿ "ಹಿಂದುಳಿದ ವರ್ಗ" ಎಂದ ಕೂಡಲೇ ಒಬಿಸಿ ಪಟ್ಟಿ ತೆರೆದುಕೊಳ್ಳುತ್ತದೆ. ಲಿಂಗತ್ವ ಅಲ್ಪಸಂಖ್ಯಾತರನ್ನೆಲ್ಲ ಒಂದು ಜಾತಿಯಂತೆ ಆ ಪಟ್ಟಿಗೆ ಸೇರಿಸಿಬಿಟ್ಟರೆ ಏನಾಗುತ್ತದೆ?

ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹುಟ್ಟಿದ, ನಾಯಕ ಸಮುದಾಯದ ಟ್ರಾನ್ಸ್ ಮಹಿಳೆಯೊಬ್ಬರನ್ನು, ಅಂದರೆ ಗಂಡೆಂದು ಬರೆಸಿದ್ದರೂ ತಾನು ಹೆಣ್ಣೆಂದು ಅರಿತವರೊಬ್ಬರನ್ನು, ಊಹಿಸಿಕೊಳ್ಳಿ. ಹುಟ್ಟಿನಿಂದ ಅವರು ಪರಿಶಿಷ್ಟ ಪಂಗಡ. ಇಬ್ಬರಿಗೂ ಒಂದೇ ಮನೆ, ಒಂದೇ ಬಡತನವಿದ್ದರೂ ಅವರ ಅಣ್ಣ ಎಸ್‌ಟಿ ಎಂದು ಅರ್ಜಿ ಹಾಕುತ್ತಾನೆ. ಇವರು ತಮ್ಮ ಲಿಂಗತ್ವ ಹೇಳಿಕೊಂಡರೆ ಒಬಿಸಿ ಸಾಲಿನಲ್ಲಿ ನಿಲ್ಲಬೇಕು. ರಾಜ್ಯದ ಸಾಮಾನ್ಯ ನೇಮಕಾತಿ ನಿಯಮದ ಪ್ರಕಾರ ಗರಿಷ್ಠ ವಯಸ್ಸು ಹಿಂದುಳಿದ ವರ್ಗದ 2ಎ, 2ಬಿ, 3ಎ, 3ಬಿಯವರಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ರವರಿಗೆ 40. ಆಗಾಗ ಸಡಿಲಿಕೆ ಸಿಗುವುದುಂಟು. ಅಂದರೆ 2ಎಯಂಥ ಸಾಲಿಗೆ ಬದಲಾದರೆ ಎರಡು ವರ್ಷವೂ ಹೋಯಿತು, ಪರಿಶಿಷ್ಟರಿಗಿರುವ ಶುಲ್ಕದ ರಿಯಾಯಿತಿಯೂ ಹೋಯಿತು. ಎಸ್‌ಟಿ ಎಂದೇ ಅರ್ಜಿ ಹಾಕಿದರೋ, ಲಿಂಗತ್ವದ ಕಾರಣಕ್ಕೆ ಪಟ್ಟ ಪಾಡು ಯಾವ ಲೆಕ್ಕಕ್ಕೂ ಬರುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಹೇಳಿದ ಹಾಗೆ. ಬದುಕಿನಲ್ಲಿ ಎರಡೂ ಒಟ್ಟಿಗೇ ಅವರ ಮೇಲೆ ಬಿದ್ದಿವೆ.

ಹಾಸು ಮತ್ತು ಹೊಕ್ಕು

ಮೊಳಕಾಲ್ಮುರಿನ ಮಗ್ಗದ ಮುಂದೆ ಸ್ವಲ್ಪ ಹೊತ್ತು ಕೂತವರಿಗೆ ಮುಂದಿನ ಮಾತು ಸುಲಭ. ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ನೂಲು ಹಾಸು. ಲಾಳಿಯೊಂದಿಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುವ ನೂಲು ಹೊಕ್ಕು. ಹೊಕ್ಕಿಗೆ ತನ್ನದೇ ಜಾಗ ಅಂತ ಮಗ್ಗದಲ್ಲಿ ಪ್ರತ್ಯೇಕ ಪಟ್ಟಿ ಇರುವುದಿಲ್ಲ. ಅದು ಪ್ರತಿ ಹಾಸು ನೂಲನ್ನೂ ದಾಟಿಕೊಂಡು ಹೋಗುತ್ತದೆ, ಯಾವ ಬಣ್ಣದ ಹಾಸಿನ ಮೇಲೆ ಹಾದರೆ ಅಲ್ಲಿ ಆ ಬಣ್ಣದ ಜೊತೆ ಕೂಡುತ್ತದೆ.

ಜಾತಿ, ವರ್ಗಗಳ ಮೀಸಲಾತಿ ಹಾಸು. ಕಾನೂನಿನಲ್ಲಿ ಇದಕ್ಕೆ ಲಂಬ ಮೀಸಲಾತಿ ಎನ್ನುತ್ತಾರೆ. ಒಬ್ಬ ವ್ಯಕ್ತಿ ಇದರಲ್ಲಿ ಒಂದೇ ಪಟ್ಟಿಗೆ ಸೇರುತ್ತಾನೆ. ಎಸ್‌ಸಿಯೂ 3ಬಿಯೂ ಒಟ್ಟಿಗೆ ಆಗಲು ಬರುವುದಿಲ್ಲ. ಮಹಿಳೆ, ಅಂಗವಿಕಲ, ಮಾಜಿ ಸೈನಿಕರ ಮೀಸಲಾತಿ ಹೊಕ್ಕು. ಇದು ಸಮತಳ ಮೀಸಲಾತಿ. ಮಹಿಳೆಯರು ಎಲ್ಲ ಜಾತಿಯಲ್ಲೂ ಇದ್ದಾರೆ, ಕಣ್ಣು ಕಾಣದವರು ಎಲ್ಲ ಜಾತಿಯಲ್ಲೂ ಹುಟ್ಟುತ್ತಾರೆ. ಅದಕ್ಕೇ ಅವರ ಪಾಲನ್ನು ಪ್ರತಿ ವರ್ಗದ ಒಳಗೇ ಅಡ್ಡಕ್ಕೆ ಹಾಯಿಸಬೇಕು. ಈ ವಿಂಗಡಣೆಯನ್ನು ಸ್ಪಷ್ಟವಾಗಿ ಇಟ್ಟದ್ದು 1992ರ ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ. ಮಂಡಲ್ ತೀರ್ಪು ಎಂದು ನಾವೆಲ್ಲ ಕೇಳಿರುವುದು ಇದನ್ನೇ.

ಹಾಸಿನ ಮೀಸಲಾತಿಯ ಪರಿಚಯ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಗೆ ಚೆನ್ನಾಗಿಯೇ ಇದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿ ವಾಲ್ಮೀಕಿ ಗುರುಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿ 2022ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಕೂತ ಧರಣಿ ಮರೆತಿರಲಾರಿರಿ. ಆ ವರ್ಷವೇ ರಾಜ್ಯ ಸರ್ಕಾರ ಪರಿಶಿಷ್ಟ ಪಂಗಡದ ಪ್ರಮಾಣವನ್ನು ಶೇ. 3ರಿಂದ 7ಕ್ಕೆ, ಪರಿಶಿಷ್ಟ ಜಾತಿಯದನ್ನು ಶೇ. 15ರಿಂದ 17ಕ್ಕೆ ಏರಿಸಿತು. ಹೊಕ್ಕಿನ ಮೀಸಲಾತಿಗಾಗಿ ಅಂಥ ದೊಡ್ಡ ಧರಣಿ ನಮ್ಮ ಊರುಗಳಲ್ಲಿ ನಡೆದಿಲ್ಲ. ಅದು ಬಹುಪಾಲು ಕೋರ್ಟ್ ಹಾಲ್‌ಗಳಲ್ಲಿ, ಕಾಗದಗಳ ಮೇಲೆ ನಡೆದ ಹೋರಾಟ.

ಪೊಲೀಸ್ ಅಧಿಸೂಚನೆಯಿಂದ ಶುರುವಾದದ್ದು

2020ರಲ್ಲಿ ರಾಜ್ಯದ ಪೊಲೀಸ್ ಇಲಾಖೆ ವಿಶೇಷ ಮೀಸಲು ಪಡೆಯ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಅರ್ಜಿಯಲ್ಲಿದ್ದದ್ದು ಪುರುಷ, ಮಹಿಳೆ ಎರಡೇ. ಸುಪ್ರೀಂ ಕೋರ್ಟಿನ ತೀರ್ಪು ಬಂದು ಆರು ವರ್ಷವಾಗಿತ್ತು. ಬೆಂಗಳೂರಿನ "ಸಂಗಮ" ಸಂಸ್ಥೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಸಮುದಾಯದವರದೇ ಇನ್ನೊಂದು ಸಂಸ್ಥೆ "ಜೀವಾ" ಮಧ್ಯಪ್ರವೇಶಿಸಿತು. ಅದರ ಪರವಾಗಿ ನಿಂತವರು ಹಿರಿಯ ವಕೀಲೆ ಜೈನಾ ಕೊಠಾರಿ.

ಕೊಠಾರಿ ಅವರಂಥವರ ಕೆಲಸದ ಸ್ವರೂಪವನ್ನು ಇಲ್ಲಿ ಸ್ವಲ್ಪ ನೋಡಬೇಕು. ವಾದ ಮಂಡಿಸುವ ವಕೀಲಿಕೆ ಒಂದು ಕಡೆ, ಕಾನೂನಿನ ಅಧ್ಯಯನ ಮತ್ತು ಬರವಣಿಗೆ ಇನ್ನೊಂದು ಕಡೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಆ್ಯಂಡ್ ಪಾಲಿಸಿ ರಿಸರ್ಚ್ ಎಂಬ ಸಂಶೋಧನಾ ಕೇಂದ್ರದ ಸ್ಥಾಪಕರಲ್ಲಿ ಅವರೂ ಒಬ್ಬರು. ಅಂಗವಿಕಲರ ಹಕ್ಕುಗಳ ಕಾನೂನಿನ ಮೇಲೂ ಕೆಲಸ ಮಾಡಿದವರು. ಅಂಗವಿಕಲರ ಮೀಸಲಾತಿ ಅಡ್ಡಕ್ಕೆ ಹಾಯುವುದನ್ನು ಹತ್ತಿರದಿಂದ ಬಲ್ಲವರಿಗೆ ಲಿಂಗತ್ವಕ್ಕೂ ಅದೇ ದಾರಿ ಸರಿ ಎಂದು ಹೊಳೆಯುವುದು ಸಹಜವೇ. ನ್ಯಾಯಾಧೀಶರ ಮುಂದೆ ಅನ್ಯಾಯವಾಗಿದೆ ಎಂದು ಹೇಳಿದರೆ ಅರ್ಧ ಕೆಲಸ. ಯಾವ ನಿಯಮಕ್ಕೆ ಯಾವ ತಿದ್ದುಪಡಿ ಮಾಡಿದರೆ ಸರಿಹೋಗುತ್ತದೆ, ಇದು ಹಳೆಯ ತೀರ್ಪುಗಳಿಗೆ ಹೇಗೆ ಹೊಂದುತ್ತದೆ ಎಂದು ತೋರಿಸುವುದು ಉಳಿದರ್ಧ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಂ ಪ್ರಕರಣದಲ್ಲೂ ಅಕ್ಕೈ ಪದ್ಮಶಾಲಿ ಮೊದಲಾದ ಕರ್ನಾಟಕದ ಟ್ರಾನ್ಸ್ ಅರ್ಜಿದಾರರ ಪರ ಅವರು ವಾದಿಸಿದ್ದರು. ಅದು ಅಪರಾಧವಲ್ಲ ಎಂಬ ತೀರ್ಪು 2018ರಲ್ಲಿ ಬಂತು.

ಆದರೆ ಈ ಯೋಚನೆ ವಕೀಲರ ಕೊಠಡಿಯಲ್ಲಷ್ಟೇ ಹುಟ್ಟಿದ್ದಲ್ಲ. ಜಾತಿ ಮತ್ತು ಲಿಂಗತ್ವ ಎರಡರ ಪೆಟ್ಟನ್ನೂ ತಿಂದ ದಲಿತ ಟ್ರಾನ್ಸ್ ಜನರೇ ಇದನ್ನು ಗಟ್ಟಿಯಾಗಿ ಹೇಳಿದವರು. ತಮಿಳುನಾಡಿನಲ್ಲಿ ಎಂಜಿನಿಯರಿಂಗ್ ಓದಿದ ಗ್ರೇಸ್ ಬಾನು ಅವರ ಹೆಸರು ಇಲ್ಲಿ ಮುಖ್ಯ. ಅವರ ರಾಜ್ಯದಲ್ಲಿ ಟ್ರಾನ್ಸ್ ಸಮುದಾಯವನ್ನು ಅತಿ ಹಿಂದುಳಿದ ವರ್ಗಕ್ಕೆ ಸೇರಿಸಿದ್ದರು. ಲಿಂಗತ್ವವನ್ನು ಜಾತಿಯಂತೆ ನೋಡಿದ ಆ ಕ್ರಮ ಸರಿಯಲ್ಲ, ಶೇ. 1 ಸಮತಳ ಮೀಸಲಾತಿ ಕೊಡಿ ಎಂದು ಮದ್ರಾಸ್ ಹೈಕೋರ್ಟ್ 2024ರಲ್ಲಿ ಹೇಳಿತು.

ಕರ್ನಾಟಕದಲ್ಲಿ ಆ ಹೊತ್ತಿಗೆ ಇದು ಜಾರಿಯಾಗಿ ಮೂರು ವರ್ಷವಾಗಿತ್ತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠದ ಮುಂದೆ ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ನಾಗರಿಕ ಸೇವೆಗಳ ಸಾಮಾನ್ಯ ನೇಮಕಾತಿ ನಿಯಮ, 1977ಕ್ಕೆ ತಿದ್ದುಪಡಿ ತಂದು 2021ರ ಜುಲೈ 6ರಂದು ಅಂತಿಮ ಅಧಿಸೂಚನೆ ಹೊರಡಿಸಿತು. ನೇರ ನೇಮಕಾತಿಯ ಹುದ್ದೆಗಳಲ್ಲಿ ಸಾಮಾನ್ಯ ಅರ್ಹತೆ, ಎಸ್‌ಸಿ, ಎಸ್‌ಟಿ ಮತ್ತು ಹಿಂದುಳಿದ ವರ್ಗಗಳ ಪ್ರತಿ ಪ್ರವರ್ಗದಲ್ಲೂ ಶೇ. 1. ಅರ್ಜಿಯಲ್ಲಿ ಪುರುಷ, ಮಹಿಳೆ ಜೊತೆಗೆ ಮೂರನೆಯ ಕಾಲಂ ಕಡ್ಡಾಯ. ಇಂಥ ಸಮತಳ ಮೀಸಲಾತಿ ತಂದ ಮೊದಲ ರಾಜ್ಯ ನಮ್ಮದು. ಕೇಂದ್ರದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ ಭೇದಭಾವ ಮಾಡಬಾರದು ಎನ್ನುತ್ತದೆ, ಮೀಸಲಾತಿಯ ಮಾತು ಅದರಲ್ಲಿಲ್ಲ. ಹಾಗಾಗಿ ರೈಲ್ವೆ, ಬ್ಯಾಂಕ್ ಪರೀಕ್ಷೆ ಬರೆಯುವವರು ಈ ಶೇ. 1ನ್ನು ಅಲ್ಲಿ ಹುಡುಕಬೇಡಿ.

ಆಯ್ಕೆಪಟ್ಟಿಯಲ್ಲಿ ಲೆಕ್ಕ ಹೇಗೆ?

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಒಂದು ನೇಮಕಾತಿಯಲ್ಲಿ ಪರಿಶಿಷ್ಟ ಜಾತಿಗೆ 200 ಹುದ್ದೆ ಇವೆ ಎಂದುಕೊಳ್ಳಿ. ಶೇ. 1 ಅಂದರೆ 2. ಈ 2 ಹುದ್ದೆ 200ರ ಒಳಗಿನವೇ, ಹೊರಗಿನವಲ್ಲ. ಎಸ್‌ಸಿಗೆ ಸಿಕ್ಕ ಪಾಲು 200 ಆಗಿಯೇ ಉಳಿಯುತ್ತದೆ. ಆ ಇಬ್ಬರೂ ಎಸ್‌ಸಿ ಸಮುದಾಯದವರೇ ಆಗಿರುತ್ತಾರೆ. 2ಎಯಲ್ಲಿ ಕೊಟ್ಟದ್ದು 2ಎಯ ಮಕ್ಕಳಿಗೇ, 3ಬಿಯಲ್ಲಿ ಕೊಟ್ಟದ್ದು 3ಬಿಯವರಿಗೇ. ಒಂದು ಜಾತಿಯ ಪಾಲು ಇನ್ನೊಂದಕ್ಕೆ ಹೋಗುವ ಮಾತೇ ಇಲ್ಲ.

ಇನ್ನು ಆಯ್ಕೆ. ಸಮತಳ ಮೀಸಲಾತಿಯನ್ನು ಎಣಿಸುವ ಕ್ರಮವನ್ನು ಸುಪ್ರೀಂ ಕೋರ್ಟ್ 2007ರಲ್ಲಿ ರಾಜಸ್ಥಾನದ ಒಂದು ಪ್ರಕರಣದಲ್ಲಿ, ಮಹಿಳಾ ಮೀಸಲಾತಿಯನ್ನು ಇಟ್ಟುಕೊಂಡು ಬಿಡಿಸಿ ಹೇಳಿದೆ. ಮೊದಲು ಅಂಕಗಳ ಪ್ರಕಾರ 200 ಜನರ ಪಟ್ಟಿ ಮಾಡಬೇಕು. ಅದರಲ್ಲಿ ಸಮತಳ ಮೀಸಲಾತಿಯವರು ಎಷ್ಟು ಜನ ಆಗಲೇ ಬಂದಿದ್ದಾರೆ ನೋಡಬೇಕು. ಇಬ್ಬರು ಬೇಕಿದ್ದು ಇಬ್ಬರು ಬಂದಿದ್ದರೆ ಮುಗಿಯಿತು, ಇನ್ನೇನೂ ಮಾಡಬೇಕಿಲ್ಲ. ಒಬ್ಬರೇ ಬಂದಿದ್ದರೆ, ಅದೇ ವರ್ಗದ ಮುಂದಿನ ಅರ್ಹರೊಬ್ಬರನ್ನು ಸೇರಿಸಿ ಪಟ್ಟಿಯ ತಳದ ಒಂದು ಹೆಸರನ್ನು ಬಿಡಬೇಕು. ಅಂದರೆ ಶೇ. 1 ಎನ್ನುವುದು ಕನಿಷ್ಠ ಖಾತರಿ. ಇಷ್ಟು ಮಂದಿ ಮೇಲೆ ಬೇಡ ಎನ್ನುವ ಮಿತಿ ಎಂದು ಅದನ್ನು ಓದಬಾರದು.

ಸಾಮಾನ್ಯ ಅರ್ಹತೆಯ ಸೀಟು ಮೀಸಲಾತಿ ಇಲ್ಲದ ಜಾತಿಗಳ ಕೋಟಾ ಎಂಬ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಅದು ಎಲ್ಲರಿಗೂ ತೆರೆದದ್ದು. ಹಿಂದುಳಿದ ವರ್ಗದ ಮಹಿಳೆಗೆ ಅಂಕ ಸಾಕಷ್ಟಿದ್ದರೆ ಸಾಮಾನ್ಯ ಪಟ್ಟಿಯ ಮಹಿಳಾ ಹುದ್ದೆಯೂ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯ ಪ್ರಕರಣದಲ್ಲಿ ಹೇಳಿತು. ತೃತೀಯ ಲಿಂಗದ ಹುದ್ದೆಗೂ ಇದೇ ತರ್ಕ ಹೊಂದುತ್ತದೆ.

ಹಾಗಾದರೆ ಸೊನ್ನೆ ಯಾಕೆ?

ಶೇ. 1ನ್ನು ಪ್ರತಿ ವರ್ಗದ ಒಳಗೆ ಹಾಕಿದ್ದರ ಬೆಲೆ ಇದು. 1,000 ಹುದ್ದೆಗಳ ದೊಡ್ಡ ನೇಮಕಾತಿಯನ್ನೇ ತೆಗೆದುಕೊಳ್ಳಿ. 2022ರ ಪ್ರಮಾಣದಂತೆ ಎಸ್‌ಸಿಗೆ 170, ಅದರ ಶೇ. 1 ಅಂದರೆ 1.7. ಎಸ್‌ಟಿಗೆ 70, ಅದರ ಶೇ. 1 ಅಂದರೆ 0.7, ಒಂದು ಪೂರ್ತಿ ಹುದ್ದೆಯೂ ಇಲ್ಲ. ಶೇ. 4 ಇರುವ ಪ್ರವರ್ಗ 1ರಲ್ಲಿ 0.4. ಹುದ್ದೆಗಳು 1,000 ಅಲ್ಲ, 50 ಇದ್ದರೆ? ಎಸ್‌ಟಿಗೆ ಬರುವುದೇ ಮೂರೂವರೆ, ಅದರಲ್ಲಿ ಶೇ. 1 ಎಂದರೆ ಕಾಗದದ ಮೇಲಿನ ಪುಡಿ. ದೊಡ್ಡ ನೇಮಕಾತಿಗಳಲ್ಲಿ ಕಾಣುವ ಪಾಲು ಸಣ್ಣ ಇಲಾಖೆಗಳಲ್ಲಿ ಕರಗಿಹೋಗುತ್ತದೆ. ದಿಕ್ಕು ಸರಿಯಾಗಿದೆ, ಪ್ರಮಾಣ ತೀರಾ ಚಿಕ್ಕದು ಎಂದು ನನಗನ್ನಿಸುವುದು ಈ ಲೆಕ್ಕ ನೋಡಿದಾಗ.

ಹುದ್ದೆ ಇದ್ದಾಗಲೂ ಇನ್ನೊಂದು ತೊಡಕಿದೆ. ಅರ್ಹ ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆಯನ್ನು ಅದೇ ವರ್ಗದ ಪುರುಷ ಅಥವಾ ಮಹಿಳೆಯಿಂದ ತುಂಬಬಹುದು ಎಂದು ನಿಯಮವೇ ಹೇಳುತ್ತದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆಯಿತು. ಶೇ. 1 ಎಂದರೆ 150. ಆಯ್ಕೆಪಟ್ಟಿಗೆ ಬಂದ ಲಿಂಗತ್ವ ಅಲ್ಪಸಂಖ್ಯಾತರು ಮೂವರು. ಆ ಹುದ್ದೆಗೆ ಪದವಿ ಬೇಕು, ಡಿ.ಇಡಿ ಅಥವಾ ಬಿ.ಇಡಿ ಬೇಕು, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಬೇಕು. ಹೈಸ್ಕೂಲಿನಲ್ಲೇ ಗೆಳೆಯರ ಕಾಟಕ್ಕೆ, ಮೇಷ್ಟ್ರ ಮಾತಿಗೆ ಬೇಸತ್ತು ಶಾಲೆ ಬಿಟ್ಟವರು ಬಿ.ಇಡಿವರೆಗೆ ಬರುವುದು ಹೇಗೆ? ಆ ಮೂವರು ಬಂದದ್ದೇ ದೊಡ್ಡ ಸಂಗತಿ. ಸರ್ಕಾರಿ ಶಾಲೆಯೊಂದರ ಹಾಜರಿ ಪುಸ್ತಕದಲ್ಲಿ ಅಂಥವರೊಬ್ಬರು ಶಿಕ್ಷಕರಾಗಿ ಸಹಿ ಹಾಕಿದರೆ ಅದನ್ನು ಆ ಶಾಲೆಯ ಮಕ್ಕಳು ಮರೆಯಲಿಕ್ಕಿಲ್ಲ.

ಕಾಲೇಜು ಸೀಟಿಗೆ ಇದೆಯೇ?

2021ರ ನಿಯಮ ಉದ್ಯೋಗಕ್ಕೆ ಮಾತ್ರ. ಕಾಲೇಜು ಪ್ರವೇಶಕ್ಕೆ ಅದು ಅನ್ವಯಿಸುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸೀಟು ಬಯಸಿದ ಟ್ರಾನ್ಸ್ ಅಭ್ಯರ್ಥಿಯೊಬ್ಬರ ಅರ್ಜಿಯ ಮೇಲೆ 2024ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ಸರ್ಕಾರ ಸರಿಯಾದ ವ್ಯವಸ್ಥೆ ಮಾಡುವವರೆಗೆ ಆ ಸಂಸ್ಥೆ ಶೇ. 0.5 ಮೀಸಲಾತಿ ಕೊಡಲಿ ಎಂದು ಆದೇಶಿಸಿತು. ಉದ್ಯೋಗದಲ್ಲಿನ ಪ್ರಮಾಣದ ಅರ್ಧ ಅದು. ಇತ್ತ 2025ರ ಅಕ್ಟೋಬರ್‌ನಲ್ಲಿ, ಕೆಲಸ ಕಳೆದುಕೊಂಡ ಟ್ರಾನ್ಸ್ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಮಾನ ಅವಕಾಶದ ನೀತಿ ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಸಮುದಾಯದ ಹೋರಾಟಗಾರರ ಜೊತೆ ಕಾನೂನು ಬಲ್ಲವರನ್ನೂ ಅದಕ್ಕೆ ಸೇರಿಸಿತು.

ಅರ್ಜಿ ಹಾಕುವವರು ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು

ಮೀಸಲಾತಿ ಅಡ್ಡಕ್ಕೆ ಇರುವುದರಿಂದ ದಾಖಲೆಗಳೂ ಎರಡು ಬಗೆ. ಲಿಂಗತ್ವದ ಗುರುತಿಗೆ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಪ್ರಮಾಣಪತ್ರ. ವರ್ಗಕ್ಕೆ ನಾಡಕಚೇರಿಯ ಮೂಲಕ ತಹಶೀಲ್ದಾರರು ಕೊಡುವ ಜಾತಿ ಪ್ರಮಾಣಪತ್ರ, ಅದರ ಆರ್‌ಡಿ ಸಂಖ್ಯೆ. ಮೊದಲನೆಯದಕ್ಕಿಂತ ಎರಡನೆಯದೇ ಕೆಲವರಿಗೆ ಕಷ್ಟ. ಜಾತಿ ಪತ್ರಕ್ಕೆ ತಂದೆಯ ದಾಖಲೆ, ರೇಷನ್ ಕಾರ್ಡ್ ಬೇಕಾಗುತ್ತದೆ. ಮನೆಯಿಂದ ಹೊರಹಾಕಿಸಿಕೊಂಡವರ ಕೈಗೆ ಆ ಕಾಗದ ಯಾರು ಕೊಡುತ್ತಾರೆ? ಆ ಪತ್ರವಿಲ್ಲದಿದ್ದರೆ ಚಳ್ಳಕೆರೆಯ ನಮ್ಮ ಅಭ್ಯರ್ಥಿ ಸಾಮಾನ್ಯ ಅರ್ಹತೆಯ ತೃತೀಯ ಲಿಂಗದ ಹುದ್ದೆಗಷ್ಟೇ ಸ್ಪರ್ಧಿಸಬಹುದು, ಎಸ್‌ಟಿಯ ಹುದ್ದೆ ಕೈತಪ್ಪುತ್ತದೆ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜಾತಿ ಪತ್ರ, ಆಧಾರ್ ಮೂರರಲ್ಲೂ ಹೆಸರು ಬೇರೆಬೇರೆ ಇದ್ದರೆ ದಾಖಲೆ ಪರಿಶೀಲನೆಯ ದಿನ ತಕರಾರು ಬರುತ್ತದೆ. ಇದನ್ನು ಸರಿಪಡಿಸಿಕೊಳ್ಳಲು, ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಬರೆಸಲು, ದಾವಣಗೆರೆ ಮತ್ತು ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳನ್ನು ಕೇಳಬಹುದು. ಪ್ರಮಾಣಪತ್ರದ ನಿಯಮಗಳು ತಿದ್ದುಪಡಿಯಾಗುತ್ತಿರುತ್ತವೆ, ಆದ್ದರಿಂದ ಸದ್ಯದ ಕ್ರಮ ಯಾವುದೆಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಿರಿ. ಸಾಮಾನ್ಯವಾಗಿ ಎರಡೂ ಪತ್ರಗಳ ದಿನಾಂಕ ಅರ್ಜಿ ಸಲ್ಲಿಕೆಯ ಕೊನೆಯ ದಿನಾಂಕಕ್ಕಿಂತ ಹಿಂದಿನದಿರಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಅಷ್ಟರಲ್ಲಿ ಕೈಗೆ ಸಿಗುವುದು ಕಷ್ಟ.